ತೋಳು ಮುಚ್ಚಿ ಹೊಲಿದ ಅಂಗಿ

ಗಂಟಲು ಹರಿಯುವಂತೆ ಕೂಗಿದರೂ ನಿಮ್ಮ ಮಗು ಫೋನಿನಿಂದ ತಲೆ ಎತ್ತುವುದಿಲ್ಲವೇ? ಹಾಗಾದರೆ ಈ ಟೈಲರಮ್ಮನ ಪಾಡು ಕೇಳಿ.

ಅವಳ ಮಗಳಿಗೆ ಎಂಟು ವರ್ಷ. ಓಣಿಯವರು ಇಟ್ಟ ಹೆಸರು ಮಾತಿನಮಲ್ಲಿ. ಈಗ ಹೆಸರಷ್ಟೇ ಉಳಿದಿತ್ತು, ಮಾತು ಹೋಗಿತ್ತು. ಅಪ್ಪನ ಹಳೇ ಫೋನು ಹಿಡಿದು ಬಟ್ಟೆಯ ರಾಶಿಗೆ ಒರಗಿದಳೆಂದರೆ ಬೆರಳೊಂದು ಬಿಟ್ಟು ಬೇರೇನೂ ಅಲ್ಲಾಡದು. ಟೈಲರಮ್ಮನಿಗೆ ಕೂತಲ್ಲಿ ಕೂರಲಾಗದ ಸಂಕಟ. ಮಷೀನು ತುಳಿಯುವಳು, ನಿಲ್ಲಿಸುವಳು, ಮಗಳತ್ತ ನೋಡುವಳು, ಮತ್ತೆ ತುಳಿಯುವಳು. ಈ ಹುಡುಗಿ ನನ್ನ ಹತ್ತಿರ ಮತ್ತೆ ಮಾತಾಡುತ್ತಾಳೋ ಇಲ್ಲವೋ ಎಂಬ ಭಯ ಅವಳಿಗೆ.

ಒಂದು ಸಂಜೆ ತಾಳ್ಮೆ ಕೆಟ್ಟಿತು. ಎದ್ದು ಫೋನು ಕಿತ್ತುಕೊಂಡಳು.

"ಸಾಕು! ಇವತ್ತು ನಿನಗೆ ಶಿಕ್ಷೆ. ಚೀಲದಲ್ಲಿರೋ ಕಥೆ ಪುಸ್ತಕ ಓದಿ ಮುಗಿಸು, ಆಮೇಲೆ ಫೋನ್ ಕೊಡ್ತೀನಿ."

ಮಗಳು ಹರಳೆಣ್ಣೆ ಕುಡಿದ ಮುಖ ಮಾಡಿದಳು.

ಅಂಗಿ ಹೊಲಿಸಲು ಬಟ್ಟೆ ತಂದಿದ್ದ ಪಕ್ಕದ ಮನೆ ಟೀಚರಕ್ಕ ಬಾಗಿಲಲ್ಲೇ ನಿಂತು ನಕ್ಕಳು.

"ಔಷಧಿ ಕುಡಿದ್ರೆ ಸಕ್ಕರೆ ಕೊಡ್ತೀನಿ ಅಂದ ಹಾಗಾಯ್ತಲ್ಲೇ! ಪುಸ್ತಕ ಕಹಿ, ಫೋನ್ ಸಿಹಿ ಅಂತ ನೀನೇ ಕಲಿಸ್ತಿದ್ದೀಯ."

"ಹೇಳೋದು ಸುಲಭ ಅಕ್ಕಾ. ನನ್ನ ಕಣ್ಣು ಸೂಜಿ ಮೇಲಿರುತ್ತೆ. ಕೂರಿಸ್ಕೊಂಡು ಕಥೆ ಹೇಳೋಕೆ ಪುರಸೊತ್ತೆಲ್ಲಿದೆ?"

"ಕಣ್ಣು ಸೂಜಿ ಮೇಲಿರಲಿ. ಕಿವಿಗೇನು ಕೆಲಸ?"

ಮಷೀನಿನ ಪಕ್ಕ ಟೈಲರಮ್ಮನ ಸ್ವಂತ ಫೋನಿನಲ್ಲಿ ಧಾರಾವಾಹಿಯೊಂದು ತನ್ನ ಪಾಡಿಗೆ ಅಳುತ್ತಿತ್ತು. ಅವಳಿಗೆ ನಾಚಿಕೆಯಾಯಿತು.

"ಮೊದಲು ಅದನ್ನ ಆಫ್ ಮಾಡು," ಎಂದಳು ಟೀಚರಕ್ಕ. "ಕೈಹೊಲಿಗೆ ಹಾಕೋವಾಗ ಮಗಳು ಓದ್ಲಿ, ನೀನು ಕೇಳು. ತಪ್ಪು ಓದಿದ್ರೆ ಗದರಬೇಡ. ಪುಸ್ತಕ ಅವಳೇ ಆರಿಸ್ಕೊಳ್ಳಲಿ."

"ಅವಳು ಬರೀ ದೆವ್ವದ ಕಥೆ ತರ್ತಾಳೆ!"

"ತರ್ಲಿ ಬಿಡೇ. ದೆವ್ವಕ್ಕೆ ಹೆದರೋ ವಯಸ್ಸಾ ನಿಂದು?"

ಟೈಲರಮ್ಮನಿಗೆ ನಂಬಿಕೆಯೇನೂ ಬರಲಿಲ್ಲ. ಆದರೂ ಮರುದಿನ ಮಗಳು ಶಾಲೆಯಿಂದ ದೆವ್ವದ ಪುಸ್ತಕವನ್ನೇ ತಂದಾಗ ಕೈಹೊಲಿಗೆ ಹಿಡಿದು ಕೇಳಲು ಕೂತಳು. ಮೊದಮೊದಲು ಇಬ್ಬರಿಗೂ ಚಡಪಡಿಕೆ. ಮಗಳು ಅರ್ಧ ಪುಟ ಓದಿ ಫೋನು ಹುಡುಕುವಳು. ಅಮ್ಮನ ಕೈಯೂ ಧಾರಾವಾಹಿಯತ್ತ ಹೋಗಿ ಹಿಂದೆ ಬರುವುದು. ಇದು ಆಗುವ ಹೋಗುವ ಮಾತಲ್ಲ ಅನ್ನಿಸಿತು.

ಆಮೇಲೊಂದು ಸಂಜೆ ಮಗಳು ಓದುತ್ತಿದ್ದಳು, ಟೈಲರಮ್ಮ ಟೀಚರಕ್ಕನ ಅಂಗಿಯ ತೋಳಿಗೆ ಅಂಚು ಹೊಲಿಯುತ್ತಿದ್ದಳು. ಕಥೆಯಲ್ಲಿ ಪಾಳು ಗಿರಣಿಯ ಬಾಗಿಲು ಕಿರ್ರೆಂದು ತೆರೆಯಿತು. ಅಷ್ಟಕ್ಕೇ ಮಗಳು ಪುಸ್ತಕ ಮಡಚಿದಳು.

"ಬಾಯಿ ಒಣಗ್ತು. ಇವತ್ತಿಗೆ ಸಾಕು."

"ಅಯ್ಯೋ, ನಿಲ್ಲಿಸ್ಬೇಡ ಕಣೇ! ನೀರು ಕುಡಿದು ಬಾ. ಬಾಗಿಲ ಹಿಂದೆ ಯಾರಿದ್ರು?"

ಮಗಳು ಅಮ್ಮನ ಮುಖ ನೋಡಿದಳು. ಅಮ್ಮ ನಿಜವಾಗಿಯೂ ಕೇಳುತ್ತಿದ್ದಾಳೆ! ಆಮೇಲೆ ಅವಳ ಕಣ್ಣು ಹೊಲಿಗೆಯ ಮೇಲೆ ಬಿತ್ತು.

"ಅಮ್ಮಾ, ತೋಳಿನ ಬಾಯಿನೇ ಮುಚ್ಚಿ ಹೊಲಿದುಬಿಟ್ಟಿದ್ದೀಯ! ದೆವ್ವಕ್ಕೆ ಹೊಲಿದ ಅಂಗಿನಾ ಇದು? ದೆವ್ವಕ್ಕೆ ಕೈ ಇರಲ್ವಾ? ಕೈ ಇಲ್ದಿದ್ರೆ ಬಾಗಿಲು ಹೇಗೆ ತೆಗೀತು? ನನಗನ್ಸುತ್ತೆ, ಒಳಗಿರೋದು ಬೆಕ್ಕು ಕಣಮ್ಮಾ..."

ಮಾತು ನಿಲ್ಲಲೇ ಇಲ್ಲ. ಟೈಲರಮ್ಮ ಹೊಲಿಗೆ ಬಿಚ್ಚುತ್ತಾ ನಕ್ಕಳು, ನಗುತ್ತಲೇ ಕಣ್ಣು ಒರೆಸಿಕೊಂಡಳು.

ಅಂಗಿ ಯಾಕೆ ತಡವಾಯಿತೆಂದು ಟೀಚರಕ್ಕ ಕೇಳಿದಾಗ ಅವಳೆಂದದ್ದು ಇಷ್ಟೇ: "ಕಿವಿಗೆ ಕೆಲಸ ಕೊಟ್ಟೋರು ನೀವೇ ಅಲ್ವಾ ಅಕ್ಕಾ!"

ಅಮ್ಮಂದಿರೇ, ಅಪ್ಪಂದಿರೇ, ಮಗುವಿನ ಫೋನು ಕಿತ್ತುಕೊಳ್ಳುವ ಮೊದಲು ನಿಮ್ಮದನ್ನು ಬದಿಗಿಡಿ. ಪುಸ್ತಕವನ್ನು ಶಿಕ್ಷೆ ಮಾಡಬೇಡಿ. ಇವತ್ತೇ ತರಕಾರಿ ಹೆಚ್ಚುವಾಗ, ಬಟ್ಟೆ ಮಡಚುವಾಗ, "ನನಗೊಂದು ಕಥೆ ಓದು" ಎಂದು ಮಗುವನ್ನು ಪಕ್ಕಕ್ಕೆ ಕರೆಯಿರಿ. ಕಿವಿಗೊಟ್ಟು ಕೇಳಿ, ಮುಂದೇನಾಯಿತೆಂದು ವಿಚಾರಿಸಿ. ಕೆಲಸ ಸ್ವಲ್ಪ ಕೆಟ್ಟರೂ ಚಿಂತೆಯಿಲ್ಲ. ತಪ್ಪಿದ ಹೊಲಿಗೆಯನ್ನು ಬಿಚ್ಚಿ ಹೊಲಿಯಬಹುದು, ಕಳೆದುಹೋದ ಬಾಲ್ಯವನ್ನು ಹಾಗೆ ಹೊಲಿಯಲಾಗುವುದಿಲ್ಲ.