ನಾಲ್ಕನೆಯ ಪುಟದ ತಿದ್ದುಪಡಿ

ಬದುಕಿರುವವಳನ್ನು ಸತ್ತಳೆಂದು ಪತ್ರಿಕೆಯಲ್ಲಿ ಬರೆದರೆ ಅವಳೇ ಎದುರಿಗೆ ಬಂದು ಕೆನ್ನೆಗೆ ಬಾರಿಸಬಹುದು, ಅಲ್ಲಿಗೆ ಮುಗಿಯುತ್ತದೆ. ನಡೆಯುತ್ತಿರುವ ಹೋಟೆಲನ್ನು ಮುಚ್ಚಿದೆ ಎಂದು ಬರೆದರೆ ಹಾಗಲ್ಲ. ಬರೆದವರ ಮಾತು ಸುಳ್ಳಾಗಬಾರದು ಎಂಬಂತೆ ಅದು ನಿಜಕ್ಕೂ ಮುಚ್ಚಲು ಶುರುಮಾಡುತ್ತದೆ. ನಾನು ಮಾಡಿದ ಘನಕಾರ್ಯ ಇದು.

ನಮ್ಮ ಪತ್ರಿಕೆಯ ನಾಲ್ಕನೆಯ ಪುಟ ನನ್ನದು, ಹದಿನೆಂಟು ವರ್ಷದಿಂದ. ಆಚೆ ದಡಕ್ಕೆ ಲಾಂಚು ಎಷ್ಟು ಹೊತ್ತಿಗೆ, ಬಸ್ಸು ಇವತ್ತು ಯಾವ ರಸ್ತೆ ಸುತ್ತಿ ಬರುತ್ತದೆ, ಯಾವ ಸಭಾಂಗಣದಲ್ಲಿ ಏನು ಪ್ರದರ್ಶನ, ಮತ್ತು ಕೆಳಗಿನ ಚೌಕದಲ್ಲಿ, ಕಡಿಮೆ ದುಡ್ಡಿಗೆ ಹೊಟ್ಟೆ ತುಂಬ ಊಟ ಎಲ್ಲಿ ಸಿಗುತ್ತದೆ. ಮೊದಲನೆಯ ಪುಟದಲ್ಲಿ ಮಂತ್ರಿಗಳಿರುತ್ತಾರೆ, ಆದರೆ ಅವರನ್ನು ಯಾರೂ ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳುವುದಿಲ್ಲ. ನನ್ನ ಪುಟವನ್ನು ಇಟ್ಟುಕೊಳ್ಳುತ್ತಾರೆ. ಅದರ ಜಂಬ ನನಗೆ ಚೆನ್ನಾಗಿಯೇ ಇತ್ತು. ಎರಡು ಸಲ ಉಣ್ಣದೆ ಯಾವ ಹೋಟೆಲಿನ ಬಗ್ಗೆಯೂ ಬರೆಯಬಾರದು ಎನ್ನುವುದು ನನ್ನ ನೇಮ. ಮುಚ್ಚಿದೆ ಎಂದು ಬರೆಯುವುದಕ್ಕೂ ಒಂದು ನೇಮ ಬೇಕು ಎಂದು ಮಾತ್ರ ಹೊಳೆದಿರಲಿಲ್ಲ.

ಲಾಂಚಿನ ಜೆಟ್ಟಿಯ ಎದುರಿಗೆ ಸೌಟಿನಕ್ಕನ ಊಟದ ಮನೆ. ಆರು ಮೇಜು, ರಸ್ತೆಗೆ ಮುಖಮಾಡಿದ ಒಂದು ದೊಡ್ಡ ಗಾಜಿನ ಕಿಟಕಿ. ಕೈಯಲ್ಲಿ ಸೌಟಿಲ್ಲದೆ ಆಕೆಗೆ ಮಾತು ಹೊರಡುವುದಿಲ್ಲ, ಅದಕ್ಕೇ ಆ ಹೆಸರು. ಅನ್ನ, ಮೀನಿನ ಸಾರು, ಬೇಯಿಸಿದ ತರಕಾರಿ, ಅಷ್ಟೇ. ಎರಡನೆಯ ಸಲ ಅನ್ನ ಕೇಳಿದರೆ ಮುಖ ನೋಡದೆ ಬಡಿಸುವ ಕೈ ಆಕೆಯದು. ಹೊಸಬರು ಯಾರೇ ಕೇಳಲಿ, ನನ್ನ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಆ ಮನೆಯ ವಿಳಾಸ.

ಪ್ರವಾಸಿಗರು ಬರುವ ಕಾಲಕ್ಕೆ ಮೊದಲು ಪ್ರತಿ ವರ್ಷ 'ತೆರೆದವು, ಮುಚ್ಚಿದವು' ಎಂದು ಒಂದು ಪಟ್ಟಿ ಹಾಕುತ್ತೇನೆ. ಈ ಸಲ ಮೂರು ದಿನ ಆ ದಾರಿಯಲ್ಲಿ ಹೋದೆ, ಮೂರು ದಿನವೂ ಬಾಗಿಲು ಹಾಕಿತ್ತು. ಕಿಟಕಿಯ ಗಾಜಿಗೆ ಒಳಗಿನಿಂದ ಹಳೆಯ ಪೇಪರು ಅಂಟಿಸಿದ್ದರು. ನಮ್ಮದೇ ಪೇಪರು, ಅದರಲ್ಲೂ ನನ್ನದೇ ಪುಟ. ಪಾಪ, ಸೋತು ಮುಚ್ಚಿಬಿಟ್ಟಳು ಅಂದುಕೊಂಡೆ. ಅಲ್ಲೇ ನಿಂತು ನನ್ನ ಹಳೆಯ ಬರಹ ಓದಿ, ಅದರಲ್ಲೊಂದು ಅಚ್ಚಿನ ತಪ್ಪು ಹಿಡಿದು, ಬೈದುಕೊಳ್ಳುತ್ತ ಹೊರಟುಹೋದೆ. ಬಾಗಿಲು ತಟ್ಟಲಿಲ್ಲ. ತಟ್ಟಿದ್ದರೆ ತೆರೆಯುತ್ತಿದ್ದಳು. ಒಳಗೆ ಆಕೆ ತಲೆಗೆ ಬಟ್ಟೆ ಕಟ್ಟಿಕೊಂಡು ಏಣಿಯ ಮೇಲೆ ನಿಂತು, ಬರುವ ಗಿರಾಕಿಗಳಿಗಾಗಿ ಗೋಡೆಗೆ ಬಣ್ಣ ಬಳಿಯುತ್ತಿದ್ದಳು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಹೊಸ ವರದಿಗಾರರಿಗೆ ಪಾಠ ಹೇಳುತ್ತಿದ್ದವಳು ನಾನು. ಹೇಳುವುದು ಶಾಸ್ತ್ರ, ಇಕ್ಕುವುದು ಗಾಳ.

ವಿಷಯ ಗೊತ್ತಾದದ್ದು ಪಟ್ಟಿ ಅಚ್ಚಾಗಿ ಐದು ದಿನ ಬಿಟ್ಟು, ಮೀನು ಮಾರುವವಳಿಂದ. ಸಂಪಾದಕರು ತಿದ್ದುಪಡಿ ಹಾಕಿಸಿದರು, ಏಳನೆಯ ಪುಟದ ತಳದಲ್ಲಿ, ಕಳೆದುಹೋದ ಅಂಕಪಟ್ಟಿಯ ಜಾಹೀರಾತಿನ ಕೆಳಗೆ. ನನ್ನ ಚೌಕದಲ್ಲೇ ದೊಡ್ಡದಾಗಿ ಹಾಕಿ ಎಂದು ಎರಡು ದಿನ ಜಗಳವಾಡಿದೆ. ನಮ್ಮ ತಪ್ಪನ್ನು ನಾವೇ ಡಂಗುರ ಸಾರಬೇಕೇ ಎಂದು ಅವರು ಮುಖ ತಿರುಗಿಸಿದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರೆ. ಅಚ್ಚಾದದ್ದು ಹೋಗುವುದೂ ಇಲ್ಲ. ವಸತಿಗೃಹಗಳ ಕೌಂಟರುಗಳಲ್ಲಿ ನನ್ನ ಪಟ್ಟಿಯನ್ನು ಪಿನ್ನು ಚುಚ್ಚಿ ತೂಗುಹಾಕಿದ್ದರು, ಬಂದವರೆಲ್ಲ ಓದಿ ಬೇರೆ ಕಡೆ ಉಣ್ಣಲು ಹೋಗುತ್ತಿದ್ದರು.

ಕ್ಷಮೆ ಕೇಳಲು ಹೋದಾಗ ಸೌಟಿನಕ್ಕ ಪೂರ್ತಿ ಕೇಳಿಸಿಕೊಂಡಳು. ಆರು ಮೇಜೂ ಖಾಲಿ. ಬಡಿಸಲು ಇದ್ದ ನಾದಿನಿ ಬೇರೆ ಕೆಲಸ ಹುಡುಕಿಕೊಂಡು ಹೋಗಿದ್ದಳು. ಹೊಸ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

"ಊಟ ಮಾಡೋದಾದ್ರೆ ಕೂತ್ಕೊಳ್ಳಿ," ಅಂದಳು. "ಇಲ್ಲಾಂದ್ರೆ ದಾರಿ ಬಿಡಿ."

ಹದಿನೆಂಟು ವರ್ಷ ನನ್ನನ್ನು ಬಾರೇ, ಹೋಗೇ ಎಂದು ಕರೆದವಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಲ್ಲಾದ ಮೇಲೆ ಒಂದು ಲಕೋಟೆ ಇತ್ತು, ಬಂದರು ಕಚೇರಿಯ ವಿಳಾಸ ಬರೆದದ್ದು. ಅದರಲ್ಲಿ ಬಾಡಿಗೆಯ ಜಾಗ ಬಿಟ್ಟುಕೊಡುವ ಅರ್ಜಿಯಿದೆ, ತಿಂಗಳ ಕೊನೆಯ ದಿನ ಬೀಗದ ಕೈ ಜೊತೆಗೆ ಕೊಟ್ಟು ತಮ್ಮನ ಮನೆಗೆ ಹೋಗುತ್ತಾಳಂತೆ ಎಂದು ಮೀನಿನವಳು ಆಮೇಲೆ ಹೇಳಿದಳು. ಸಾವಿರಾರು ಜನಕ್ಕೆ ಬಡಿಸಿದ ಕೈ ಇನ್ನು ತಮ್ಮನ ಹೆಂಡತಿ ಬಡಿಸಿದ್ದನ್ನು ಉಣ್ಣಬೇಕು. ಅದು ನನ್ನಿಂದ. ಆ ರಾತ್ರಿ ನನಗೆ ತುತ್ತು ಇಳಿಯಲಿಲ್ಲ.

ನನ್ನ ಅಮ್ಮನಿಗೆ ಎಪ್ಪತ್ತೆಂಟು. ಕಣ್ಣು ಮಂಜು, ನಾಲಗೆ ಮಾತ್ರ ಇನ್ನೂ ಹರಿತ. ನಾನು ತಟ್ಟೆ ದೂಡಿದ ಸದ್ದು ಕೇಳಿ ಎಲ್ಲವನ್ನೂ ಬಾಯಿ ಬಿಡಿಸಿದಳು.

"ಖಾಲಿ ಅಂಗಡಿಗೆ ನೊಣಾನೂ ಬರಲ್ಲ ಕಣೇ," ಅಂದಳು. "ಒಬ್ರು ಉಣ್ತಾ ಕೂತಿದ್ರೆ ಅದನ್ನ ನೋಡಿ ಇನ್ನೊಬ್ರು ಬರ್ತಾರೆ. ಬರೆದು ಕೆಡಿಸಿದ್ದೀಯ, ಉಂಡು ಸರಿಮಾಡು."

ಮರುದಿನದಿಂದ ಹನ್ನೆರಡು ಗಂಟೆಗೆ ಸರಿಯಾಗಿ ಕಿಟಕಿ ಪಕ್ಕದ ಮೇಜಿಗೆ ಹಾಜರು. ಎರಡು ಗಂಟೆಯವರೆಗೆ ಏಳುತ್ತಿರಲಿಲ್ಲ. ರಸ್ತೆಯವರಿಗೆ ಕಾಣುವ ಹಾಗೆ ನಿಧಾನವಾಗಿ ಉಣ್ಣುವುದು, ಉಂಡಾದ ಮೇಲೆ ಇನ್ನೊಂದಿಷ್ಟು ಅನ್ನ ಹಾಕಿಸಿಕೊಳ್ಳುವುದು. ಸೌಟಿನಕ್ಕ ಬಂದು ಬಡಿಸಿ ಹೋಗುತ್ತಿದ್ದಳು, ತುಟಿ ಬಿಚ್ಚುತ್ತಿರಲಿಲ್ಲ. ಆಫೀಸಿನಲ್ಲಿ ನನಗೆ ಕಿಟಕಿ ಬೊಂಬೆ ಎಂದು ಹೆಸರು ಬಿತ್ತು. ಬೊಂಬೆ ದಪ್ಪಗಾಗುತ್ತಿದೆ ಎಂದು ಮುದ್ರಣದವನು ನಕ್ಕ. ನಗಲಿ. ಹಟ ಹಿಡಿದರೆ ನಾನು ಉಡ. ಒಂದು ವಾರಕ್ಕೆ ದಿನಕ್ಕೆ ನಾಲ್ಕು ಜನ ಬರತೊಡಗಿದರು, ಮೂರು ವಾರಕ್ಕೆ ಎಂಟು. ಎಂಟು ಜನರಿಂದ ಒಲೆ ಉರಿಯುವುದಿಲ್ಲ ಎಂದು ನನಗೂ ಗೊತ್ತಿತ್ತು, ಲಕೋಟೆಯೂ ಗಲ್ಲಾ ಬಿಟ್ಟು ಕದಲಿರಲಿಲ್ಲ.

ತಿಂಗಳ ಕೊನೆಗೆ ಎರಡು ದಿನ ಉಳಿದಿದ್ದ ಶನಿವಾರ ಬೆಳಿಗ್ಗೆ ಏಳಕ್ಕೆ ಜೆಟ್ಟಿಯ ಟಿಕೆಟ್ ಗುಮಾಸ್ತ ಫೋನು ಮಾಡಿದ. ಆಚೆ ದಡದಲ್ಲಿ ಅಂದು ದೋಣಿಗಳ ಪ್ರದರ್ಶನ ಶುರು, ಹನ್ನೊಂದರ ಲಾಂಚಿಗೆ ಜನ ಮುಗಿಬೀಳುತ್ತಾರೆ ಎಂದು ನಾನೇ ಬರೆದಿದ್ದೆ. ಗಾಳಿ ಏಳುತ್ತಿದೆ, ಹನ್ನೊಂದರಿಂದ ಮೂರರವರೆಗೆ ಲಾಂಚು ಓಡುವುದಿಲ್ಲ, ಪ್ರಕಟಣೆ ಮಾತ್ರ ಕೊನೇ ಗಳಿಗೆಯಲ್ಲಿ ಬರುತ್ತದೆ ಎಂದು ಅವನು ಹೇಳಿದ. ಇನ್ನೂರು ಜನ ಜೆಟ್ಟಿಯಲ್ಲಿ, ನಡು ಮಧ್ಯಾಹ್ನ, ಹಸಿದ ಹೊಟ್ಟೆಯಲ್ಲಿ! ಚಪ್ಪಲಿ ಮೆಟ್ಟಿಕೊಂಡೆ. ಆದರೆ ಹೋಟೆಲಿಗೆ ನೇರವಾಗಿ ಹೋಗಲಿಲ್ಲ. ಮೊದಲು ಜೆಟ್ಟಿಗೆ ಹೋಗಿ ಲಾಂಚು ನಡೆಸುವವನನ್ನು ಕೇಳಿದೆ. ಆಮೇಲೆ ಬಂದರಿನಲ್ಲಿ ಗಾಳಿಯ ಎಚ್ಚರಿಕೆಗೆ ಬಾವುಟ ಏರಿಸುವವನ ಕೋಣೆಯವರೆಗೆ ಮೆಟ್ಟಿಲು ಹತ್ತಿ ಅವನನ್ನೂ ಕೇಳಿದೆ. ಮೂವರದೂ ಒಂದೇ ಮಾತು.

ಸೌಟಿನಕ್ಕ ಒಲೆಯ ಮುಂದಿದ್ದಳು. ಹತ್ತು ಜನಕ್ಕಾಗುವಷ್ಟು ಅಕ್ಕಿ ತೊಳೆದಿಟ್ಟಿದ್ದಳು. ನೂರು ಜನಕ್ಕೆ ಅಡುಗೆ ಮಾಡು ಎಂದು ಕಾರಣ ಸಮೇತ ಹೇಳಿದೆ. ಮೂರು ಜನರನ್ನು ಕೇಳಿ ಖಚಿತಮಾಡಿಕೊಂಡೇ ಬಂದಿದ್ದೇನೆ ಎಂದೂ ಹೇಳಿದೆ.

"ಇವತ್ತು ಮೂರು ಜನಾನ ಕೇಳಿದ್ರಾ?" ಅಂದಳು. ಸೌಟು ಗಾಳಿಯಲ್ಲಿ ನಿಂತಿತ್ತು. "ಆವತ್ತು ಒಬ್ಬಳನ್ನ ಕೇಳಿದ್ರೆ ಸಾಕಿತ್ತು. ನಾನು ಒಳಗೇ ಇದ್ದೆ."

ಹೌದು ಅಂದೆ. ಹೌದು ಅನ್ನುವುದಕ್ಕೆ ಅಷ್ಟು ಕಷ್ಟವಾಗುತ್ತದೆಂದು ಗೊತ್ತಿರಲಿಲ್ಲ.

ಅವಳು ಮೂಲೆಯ ಅಕ್ಕಿ ಮೂಟೆಯನ್ನು ನೋಡಿದಳು. ಉಳಿದದ್ದು ಅದೊಂದೇ. ತಮ್ಮನ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಎತ್ತಿಟ್ಟದ್ದು ಎಂದು ನನಗೆ ಮೀನಿನವಳೇ ಹೇಳಿದ್ದಳು. ಬೇಯಿಸಿದ ಅನ್ನವನ್ನು ಮತ್ತೆ ಅಕ್ಕಿ ಮಾಡಲು ಬರುವುದಿಲ್ಲ. ನನ್ನ ಮಾತು ಇನ್ನೊಂದು ಸಲ ಸುಳ್ಳಾದರೆ ಆ ಮೂಟೆಯೂ ಹೋಗುತ್ತದೆ. ಕೊನೆಗೆ ಮೂಟೆಯ ಬಾಯಿ ಬಿಚ್ಚಿ, ಒಂದು ಕತ್ತಿಯನ್ನೂ ಈರುಳ್ಳಿಯ ಬುಟ್ಟಿಯನ್ನೂ ನನ್ನ ಮುಂದೆ ಕುಕ್ಕಿದಳು. ಮೀನಿನವಳಿಗೆ ಹೇಳಿ ಕಳಿಸಿದೆವು, ಅವಳು ಎರಡು ಬುಟ್ಟಿ ಮೀನು ತಂದು ಸುರಿದು ಹೋದಳು. ಈರುಳ್ಳಿ ಹೆಚ್ಚುತ್ತ ಧಾರಾಳವಾಗಿ ಅತ್ತೆ. ಅಳುವುದಕ್ಕೆ ಅದಕ್ಕಿಂತ ಒಳ್ಳೆಯ ನೆಪ ಸಿಗುವುದಿಲ್ಲ.

ಹತ್ತೂಮುಕ್ಕಾಲಿಗೆ ಎಲ್ಲ ಕುದಿಯುತ್ತಿತ್ತು. ಜೆಟ್ಟಿ ಜನರಿಂದ ತುಂಬಿತ್ತು. ಹನ್ನೊಂದಕ್ಕೆ ಲಾಂಚು ಕೂಗಿ, ಹೊರಟೇಬಿಟ್ಟಿತು.

ಪ್ರದರ್ಶನದ ದೊಡ್ಡ ಮನುಷ್ಯರು ಮೊದಲ ಸಾಲಿನಲ್ಲಿ ಕೂತು ಗಲಾಟೆ ಮಾಡಿದ್ದರಂತೆ, ಲಾಂಚು ನಡೆಸುವವನಿಗೆ ಬೇರೆ ದಾರಿ ಇರಲಿಲ್ಲವಂತೆ. ಅದೆಲ್ಲ ಆಮೇಲೆ ಗೊತ್ತಾದದ್ದು. ಆಗ ಕಂಡದ್ದು ಇಷ್ಟು: ತುಂಬಿದ ಲಾಂಚು ಕಿಟಕಿಯ ಈ ಚೌಕಟ್ಟಿನಿಂದ ಆ ಚೌಕಟ್ಟಿಗೆ ಸಾಗುತ್ತಿದೆ, ಜೆಟ್ಟಿಯಲ್ಲಿ ಉಳಿದವರು ಮುಂದಿನದಕ್ಕೆ ಸಾಲು ನಿಲ್ಲುತ್ತಿದ್ದಾರೆ. ಸೌಟಿನಕ್ಕ ಬಂದು ನನ್ನ ಪಕ್ಕ ನಿಂತಳು. ನನ್ನ ಕಡೆ ತಿರುಗಲಿಲ್ಲ. ಆ ನೂರು ಊಟವನ್ನೂ ನಾನೇ ಮನೆಮನೆಗೆ ಹೊತ್ತು ಮಾರುತ್ತೇನೆ, ಸಂಪಾದಕರ ಮೇಜಿನ ಮೇಲೇ ಹಂಡೆ ಇಟ್ಟು ಬಡಿಸುತ್ತೇನೆ ಎಂದು ಮನಸ್ಸಿನಲ್ಲೇ ಶಪಥ ಮಾಡಿದೆ.

ಲಾಂಚು ಬಂದರಿನ ಅಲೆತಡೆ ಗೋಡೆಯ ತುದಿ ದಾಟಿತು. ಅಲ್ಲಿ ಮೂಗು ಮೇಲೆದ್ದಿತು, ಕೆಳಗೆ ಬಿತ್ತು, ಮತ್ತೆ ಎದ್ದಿತು. ಆಮೇಲೆ ನಿಧಾನವಾಗಿ, ಅವಮಾನವಾದವರ ಹಾಗೆ, ಹಿಂದಕ್ಕೆ ತಿರುಗಿತು.

"ಹೋಗಿ ನಿಮ್ಮ ಜಾಗದಲ್ಲಿ ಕೂತ್ಕೊಳ್ಳಿ," ಅಂದಳು ಸೌಟಿನಕ್ಕ, ಕಣ್ಣು ಸಮುದ್ರದ ಮೇಲೇ ಇಟ್ಟು.

ಕೂತೆ. ತಟ್ಟೆ ಬಂತು. ಧ್ವನಿವರ್ಧಕ ಮೂರು ಗಂಟೆಯವರೆಗೆ ಲಾಂಚಿಲ್ಲ ಎಂದು ಕೂಗಿತು. ಗಾಳಿಗೆ ತಳ್ಳುಗಾಡಿಯವರೆಲ್ಲ ಆಗಲೇ ಗಂಟುಮೂಟೆ ಕಟ್ಟಿದ್ದರು. ಜನ ರಸ್ತೆ ದಾಟಿ ಬಂದರು, ಆದರೆ ಒಳಗೆ ಬರಲಿಲ್ಲ. ಎರಡು ಮಕ್ಕಳ ಕೈ ಹಿಡಿದ ಒಬ್ಬ ಅಪ್ಪ ಗಾಜಿನ ಆಚೆ ನಿಂತು ಜೇಬಿನಿಂದ ಒಂದು ಚೂರು ಕಾಗದ ತೆಗೆದ. ನನ್ನ ಪಟ್ಟಿ. ಬೆರಳಿಟ್ಟು ಓದಿದ, ಬಾಗಿಲು ನೋಡಿದ, ಮತ್ತೆ ಓದಿದ. ಮುಚ್ಚಿದೆ ಅಂತ ಬರೆದಿದ್ದಾರಲ್ಲ ಎಂದು ಹೆಂಡತಿಗೆ ಹೇಳುವುದು ಗಾಜಿನಾಚೆಯಿಂದಲೂ ತಿಳಿಯುತ್ತಿತ್ತು. ನಾನು ಅವನ ಕಣ್ಣಲ್ಲಿ ಕಣ್ಣಿಟ್ಟು ದೊಡ್ಡದೊಂದು ತುತ್ತು ಕಲಸಿ ಬಾಯಿಗಿಟ್ಟೆ. ಅಗಿದೆ. ನುಂಗಿದೆ. ಇನ್ನೊಂದು ಕಲಸಿದೆ. ಅಷ್ಟು ಮನಸ್ಸಿಟ್ಟು ನಾನು ಯಾವ ವರದಿಯನ್ನೂ ಬರೆದವಳಲ್ಲ. ಚಿಕ್ಕ ಮಗು ಅಪ್ಪನ ಕೈ ಬಿಡಿಸಿಕೊಂಡು ಬಾಗಿಲು ತಳ್ಳಿತು.

ಅವರ ಹಿಂದೆ ಒಂದು ಕುಟುಂಬ, ಅದರ ಹಿಂದೆ ನಾಲ್ವರು ವಿದ್ಯಾರ್ಥಿಗಳು, ಅವರ ಹಿಂದೆ ಲಾಂಚಿನಲ್ಲಿ ತೊಯ್ದು ಬಂದ ದೊಡ್ಡ ಮನುಷ್ಯರು. ಆರು ಮೇಜು ತುಂಬಿದವು. ಗೋಡೆಗೆ ಒರಗಿ ನಿಂತರು, ಮೆಟ್ಟಿಲ ಮೇಲೆ ಸಾಲಾದರು. ಪ್ರದರ್ಶನ ನಾಳೆಯೂ ಇದೆ, ಊಟಕ್ಕೆ ಇಲ್ಲಿಗೇ ಬರೋಣ ಎಂದು ಯಾರೋ ಹೇಳಿದ್ದು ಕಿವಿಗೆ ಬಿತ್ತು. ಆ ಅಪ್ಪ ಎರಡನೆಯ ಸಲ ಅನ್ನ ಹಾಕಿಸಿಕೊಂಡು, ಪೆನ್ನು ತೆಗೆದು ಕಾಗದದ ಚೂರಿನಲ್ಲಿ ಏನನ್ನೋ ಹೊಡೆದು ಹಾಕಿದ. ನಾನು ನೋಡುತ್ತ ಕೂತಿದ್ದೆ, ತಟ್ಟೆ ಇನ್ನೂ ಅರ್ಧ ಇತ್ತು.

ಹೆಗಲ ಮೇಲೆ ಸೌಟಿನ ಹಿಡಿಯಿಂದ ಒಂದು ಏಟು ಬಿತ್ತು.

"ಏಳೇ ಸಾಕು," ಅಂದಳು ಸೌಟಿನಕ್ಕ. "ತಿಂಗಳೆಲ್ಲ ಉಂಡಿದೀಯ. ಜನ ನಿಂತಿದಾರೆ."

ಎದ್ದೆ. ಹಾಗೆ ಎಬ್ಬಿಸಲಿ ಎಂದೇ ಅಷ್ಟು ದಿನ ಕೂತಿದ್ದೆ ಎಂದು ಆಗ ತಿಳಿಯಿತು. ತಟ್ಟೆ ಎತ್ತಿಕೊಂಡು ತೊಟ್ಟಿಯ ಹತ್ತಿರ ನಿಂತೇ ಉಳಿದದ್ದನ್ನು ಉಂಡೆ. ಅಷ್ಟರಲ್ಲಿ ಅವಳು ಗಲ್ಲಾದ ಮೇಲಿನ ಲಕೋಟೆ ಹರಿದು, ಒಳಗಿನ ಅರ್ಜಿಯನ್ನು ಮಗುಚಿ, ಖಾಲಿ ಬದಿಯನ್ನು ನನ್ನ ಕೈಗಿಟ್ಟಳು. ಮೊದಲ ಹಂಡೆ ಮುಗಿಯಿತು, ಎರಡನೆಯದು ಬೇಯುತ್ತಿದೆ, ಜನ ವಾಪಸು ಹೋಗಬಾರದು.

"ತೆರೆದಿದೆ, ಹತ್ತು ನಿಮಿಷದಲ್ಲಿ ಅನ್ನ ಆಗುತ್ತೆ ಅಂತ ದೊಡ್ಡದಾಗಿ ಬರೆದು ಕಿಟಕಿಗೆ ಅಂಟಿಸು. ನಿನಗೆ ಬರೆಯೋ ಚಪಲ ಜಾಸ್ತಿ ಅಲ್ವಾ."

ಪೆನ್ನು ತೆಗೆದೆ. ಆಮೇಲೆ ಅದನ್ನು ಕಿವಿಗೆ ಸಿಕ್ಕಿಸಿ, ಅಡುಗೆಮನೆಗೆ ಹೋಗಿ, ಹಂಡೆಯ ಮುಚ್ಚಳ ತೆಗೆದು ನೋಡಿದೆ. ಒಂದು ಅಗುಳು ಹಿಸುಕಿಯೂ ನೋಡಿದೆ. ಹಿಂದಿನಿಂದ ಸೌಟಿನಕ್ಕ ಜೋರಾಗಿ ನಕ್ಕಳು, ಇಡೀ ತಿಂಗಳಲ್ಲಿ ಮೊದಲ ಸಲ. ಅನ್ನಕ್ಕೆ ಇನ್ನೂ ಹದಿನೈದು ನಿಮಿಷ ಬೇಕಿತ್ತು. ಹದಿನೈದು ಎಂದೇ ಬರೆದೆ.