ಹಲಗೆಯ ಮೇಲಿನ ಸೊನ್ನೆ

ಮಾವ ಪುಟ್ಟಿಯ ಜೊತೆ ಮಾತು ಬಿಟ್ಟು ಆ ಬುಧವಾರಕ್ಕೆ ಹನ್ನೆರಡು ದಿನ. ಮಾತು ಬಿಟ್ಟರೂ ಊಟ ಬಿಟ್ಟಿರಲಿಲ್ಲ ಅನ್ನಿ. ಬಸ್ ಡಿಪೋದಲ್ಲಿ ಯಾರಿಗೆ ಯಾವ ಬಸ್ಸು, ಎಷ್ಟು ಗಂಟೆಗೆ ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಬರೆದೂ ಬರೆದೂ ಎಲ್ಲರ ಬಾಯಲ್ಲಿ ‘ಸುಣ್ಣದ ಸಾಹೇಬರು’ ಆಗಿಬಿಟ್ಟಿದ್ದರು. ಈಗ ಆ ಹಲಗೆ ತೆಗೆದು ಪಾಳಿಪಟ್ಟಿಯನ್ನು ಫೋನಿಗೆ ತರಬೇಕೆಂದು ಕಂಪನಿಯವರು ಕಳಿಸಿದ್ದು ಯಾರನ್ನು? ಅವರ ಮನೆಯಲ್ಲೇ ಉಂಡು ಬೆಳೆದ, ಅವರೇ ಕೈ ಹಿಡಿದು ಅಕ್ಷರ ತಿದ್ದಿಸಿದ ಅಕ್ಕನ ಮಗಳನ್ನು!

“ನಿನ್ನ ಸೊಸೆಗೆ ಹೇಳು, ಉಪ್ಪಿನ ಡಬ್ಬಿ ಈ ಕಡೆ ತಳ್ಳಲಿ” ಎಂದರು ಮಾವ, ತಟ್ಟೆಯಿಂದ ಕಣ್ಣೆತ್ತದೆ.

“ಕೈ ಚಾಚಿದ್ರೆ ಸಿಗುತ್ತೆ. ನಾನೇನು ನಿಮ್ಮಿಬ್ಬರ ಮಧ್ಯದ ಟೆಲಿಫೋನಾ?” ಅತ್ತೆ ಸಿಡುಕಿದರು. “ಶನಿವಾರ ಸಂಜೆ ನನ್ನ ತಂಗಿ ಹಾಡ್ತಾಳೆ. ಎಂದಿನ ಹಾಗೆ ನಾನೊಬ್ಬಳೇ ಹೋಗ್ಬೇಕು ತಾನೇ?”

“ನಾನಿಲ್ಲದೆ ಹಲಗೆ ಯಾರು ನೋಡ್ತಾರೆ?” ಎಂದು ಮಾವ ಕೈ ತೊಳೆಯಲು ಎದ್ದರು.

ಪುಟ್ಟಿ ನಗು ನುಂಗಿಕೊಂಡು ಮನಸ್ಸಿನಲ್ಲೇ ಸಹಿಗಳನ್ನು ಎಣಿಸಿದಳು. ಶುಕ್ರವಾರದೊಳಗೆ ಡಿಪೋದ ಅರವತ್ತೂ ಜನ ‘ಹೊಸ ವ್ಯವಸ್ಥೆ ಒಪ್ಪಿಗೆ’ ಎಂದು ಸಹಿ ಹಾಕಬೇಕಿತ್ತು. ಬಿದ್ದದ್ದು ನಾಲ್ಕು. ಸಹಿ ಬೀಳದಿದ್ದರೆ ಯೋಜನೆ ಮೂಲೆಗೆ, ಅವಳ ತಾತ್ಕಾಲಿಕ ನೌಕರಿಯೂ ಅದರ ಹಿಂದೆಯೇ.

ಹೊಸ ವ್ಯವಸ್ಥೆಯಲ್ಲಿ ಏನೇನಿರಬೇಕೆಂದು ಕಂಪನಿ ಕೊಟ್ಟ ಪಟ್ಟಿಯಲ್ಲೇನೋ ನಲವತ್ತೊಂದು ಬೇಡಿಕೆಗಳಿದ್ದವು. ಫೋನಿನಲ್ಲಿ ತೆರೆದ ಕೂಡಲೇ ಮ್ಯಾನೇಜರ್ ಸಾಹೇಬರ ಫೋಟೋ, ಹುಟ್ಟುಹಬ್ಬಕ್ಕೊಂದು ಹಾಡು, ಇನ್ನೂ ಏನೇನೋ. ಎಲ್ಲವನ್ನೂ ಮುತುವರ್ಜಿಯಿಂದ ಮಾಡಿದ್ದಳು ಪಾಪ. ಡ್ರೈವರು ಕಂಡಕ್ಟರುಗಳನ್ನು ಕೇಳಿದರೆ “ಚೆನ್ನಾಗಿದೆ ಮೇಡಂ, ನಮಗೇನೂ ಬೇಡ” ಎನ್ನುತ್ತಿದ್ದರು. ಅಂದವರೇ ನೆಟ್ಟಗೆ ಹಲಗೆಯ ಮುಂದೆ ಹೋಗಿ ನಿಲ್ಲುತ್ತಿದ್ದರು.

ಗುರುವಾರ ಬೆಳಿಗ್ಗೆ ಫೋನನ್ನು ಚೀಲಕ್ಕೆ ತುರುಕಿ ಅವಳೂ ಹಲಗೆಯ ಪಕ್ಕ ನಿಂತಳು. ಒಂದೆರಡು ಹೆಸರುಗಳ ಮುಂದೆ ಪುಟ್ಟ ಸೊನ್ನೆಗಳಿದ್ದವು. ಸುಮ್ಮನೆ ಗೀಚಿದ್ದು ಎಂದುಕೊಂಡಳು. ಅಷ್ಟರಲ್ಲಿ ಡಿಪೋದ ಏಕೈಕ ಮಹಿಳಾ ಡ್ರೈವರ್, ಎಲ್ಲರ ಬ್ರೇಕ್ ಅಕ್ಕ, ಬಂದು ಗುಂಗುರು ಕೂದಲಿನ ಡ್ರೈವರಣ್ಣನ ಸೊನ್ನೆಗೆ ಅಡ್ಡಗೆರೆ ಎಳೆದರು. ಮಾವ ಕೂಡಲೇ ಇಬ್ಬರ ಹೆಸರನ್ನೂ ಅದಲುಬದಲು ಮಾಡಿದರು.

“ಅಕ್ಕಾ, ಏನದು?”

ಬ್ರೇಕ್ ಅಕ್ಕ ಮಾವನ ಮುಖ ನೋಡಿದರು. ಮಾವ ಚಾವಣಿ ನೋಡಿದರು.

“ಅವನ ಮಗುಗೆ ಜ್ವರ. ಪಾಳಿ ಬದಲಾಗ್ಬೇಕು ಅಂದ್ರೆ ಸೊನ್ನೆ ಹಾಕ್ತೀವಿ. ಆಗೋರು ಗೆರೆ ಎಳೀತಾರೆ. ನಿಯಮದ ಪ್ರಕಾರ ಮೂರು ದಿನ ಮುಂಚೆ ಅರ್ಜಿ ಕೊಡ್ಬೇಕಂತೆ. ಜ್ವರ ಮೂರು ದಿನ ಮುಂಚೆ ಹೇಳಿ ಬರುತ್ತಾ?”

“ಅಯ್ಯೋ, ಇದನ್ನ ನನಗ್ಯಾಕೆ ಹೇಳ್ಲಿಲ್ಲ?”

“ನೀನು ಕೇಳೋಕೆ ಬಂದಾಗೆಲ್ಲ ಪಕ್ಕದಲ್ಲಿ ಮ್ಯಾನೇಜರ್ ಇರ್ತಿದ್ರಲ್ಲಮ್ಮ!”

ಪುಟ್ಟಿ ಹಣೆ ಚಚ್ಚಿಕೊಂಡಳು. ಎಂಥಾ ಎಡವಟ್ಟು! ನಲವತ್ತೊಂದನ್ನೂ ಪಕ್ಕಕ್ಕೆ ಸರಿಸಿ, ಪಟ್ಟಿಯಲ್ಲೇ ಇಲ್ಲದ ಸೊನ್ನೆಯನ್ನು ಮೊದಲನೆಯದಾಗಿ ಬರೆದುಕೊಂಡು ಮ್ಯಾನೇಜರ್ ಕೋಣೆಗೆ ಹೋದಳು. ಮೊದಲು ಈ ಸೊನ್ನೆ, ನಿಮ್ಮ ಫೋಟೋ ಆಮೇಲೆ ನೋಡೋಣ ಸಾರ್ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಟ್ಟಳು.

ಸಾಹೇಬರು ಮುಖ ಗಂಟು ಹಾಕಿಕೊಂಡು ಕೇಳಿದರು. ಆಮೇಲೆ ಗೊಳ್ಳೆಂದು ನಕ್ಕರು. “ಆ ಸೊನ್ನೆ ನನಗೆ ಗೊತ್ತಿಲ್ಲ ಅಂದ್ಕೊಂಡಿದಾರಾ? ನಾನೂ ಹತ್ತು ವರ್ಷ ಬಸ್ ಓಡಿಸಿದವನೇ. ಹೋಗು, ಮಾಡು.”

ಶುಕ್ರವಾರ ಬೆಳಿಗ್ಗೆ ಎಲ್ಲರ ಫೋನಿನಲ್ಲೂ ಪಟ್ಟಿ ಬಂತು. ತಮ್ಮ ಹೆಸರು ಒತ್ತಿದರೆ ಸೊನ್ನೆ, ಬೇರೆಯವರು ಒತ್ತಿದರೆ ಗೆರೆ, ಅಷ್ಟೇ. ಹಲಗೆಯೂ ಒಂದು ತಿಂಗಳು ಇರಲಿ ಎಂದಿದ್ದಳು. ಆದರೂ ಫೋನಿನ ಪಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಎಲ್ಲರ ಕಣ್ಣೂ ಸುಣ್ಣದ ಸಾಹೇಬರ ಮೇಲೆ.

ಮಾವ ಕನ್ನಡಕ ಏರಿಸಿ, ಒಲ್ಲದ ಮನಸ್ಸಿನಿಂದ ಫೋನಿನ ಪಟ್ಟಿಯನ್ನು ಕೆಳಗಿಳಿಸುತ್ತ ಹೋದರು. ಕೊನೆಗೆ ಬೆರಳು ನಿಂತಿತು. ಅಲ್ಲಿ ಅವರದೇ ಹೆಸರಿತ್ತು. ಇಪ್ಪತ್ತೆರಡು ವರ್ಷದಲ್ಲಿ ಆ ಹೆಸರು ಒಂದು ದಿನವೂ ಹಲಗೆ ಹತ್ತಿರಲಿಲ್ಲ. ಬರೆಯುವವನು ತನ್ನನ್ನು ಬರೆದುಕೊಳ್ಳುತ್ತಾನೆಯೇ? ಹೆಸರೇ ಇಲ್ಲದ ಮೇಲೆ ಸೊನ್ನೆ ಹಾಕುವುದಾದರೂ ಎಲ್ಲಿ? ಶನಿವಾರ ಸಂಜೆಯ ಪಾಳಿ ಎಂದು ಹೆಸರಿನ ಮುಂದೆ ಸ್ಪಷ್ಟವಾಗಿ ಬರೆದಿತ್ತು.

ಮಾವ ಬೆರಳಿನ ಸುಣ್ಣವನ್ನು ಅಂಗಿಗೆ ಒರೆಸಿಕೊಂಡರು. ಒತ್ತಿದರು. ಸೊನ್ನೆ ಬಿತ್ತು.

ಅರವತ್ತು ಫೋನುಗಳು ಒಟ್ಟಿಗೆ ಕುಂಯ್‌ಗುಟ್ಟಿದವು. ಬ್ರೇಕ್ ಅಕ್ಕನ ಗೆರೆ ಮೊದಲು, ಗುಂಗುರು ಕೂದಲಿನವನದು ಅದರ ಮೇಲೆ, ಆಮೇಲೆ ಗೆರೆಯ ಮೇಲೆ ಗೆರೆ. ನೋಡನೋಡುತ್ತ ಹನ್ನೊಂದು.

“ಒಬ್ಬರು ಸಾಕು ಕಣ್ರೋ!” ಎಂದರು ಮಾವ. ಒಪ್ಪಿಗೆಯ ಹಾಳೆಯನ್ನು ಎಳೆದು ಸಹಿ ಹಾಕಿದರು. ಅವರ ಹಿಂದೆಯೇ ಸಾಲು ಬೆಳೆಯಿತು.

ಆಮೇಲೆ ಪುಟ್ಟಿಯ ಕಡೆ ತಿರುಗಿ, ಹದಿನಾಲ್ಕು ದಿನದ ಮೇಲೆ ಮೊದಲ ಸಲ ಬಾಯಿ ಬಿಟ್ಟರು.

“ಒಂದು ಗೆರೆ ಬಿದ್ದ ಮೇಲೆ ಇನ್ನೊಂದು ಬೀಳಬಾರದು ಕಣೇ. ಬರ್ಕೋ, ಇದು ಎರಡನೇ ಬೇಡಿಕೆ.”