ಹೆಸರಿಲ್ಲದ ಸಾಲು

"ಎರಡೂ ಕೋಡ್ ಒಂದೇ ಕೆಲಸ ಮಾಡ್ತಿವೆ ಡೆಸ್, ಈ ಒಂದು ಸಾಲು ಬಿಟ್ಟು," ಎಂದು ನೆರಾಲಿ ಪರದೆಯ ಮೇಲೆ ಬೆರಳಿಟ್ಟಳು.

ಡೆಸ್ ಪಾಸ್ಕೋ ಬಗ್ಗಿ ನೋಡಿದ. ಕ್ವೀನ್ಸ್‌ಟೌನಿನ ತಾಮ್ರದ ಗಣಿಯಲ್ಲಿ ಮೂವತ್ತು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು, ನಿವೃತ್ತನಾದ ಮೇಲೆ ಪ್ರೋಗ್ರಾಮಿಂಗ್ ಕಲಿತು ಊರಿನ ಸ್ಮಶಾನಕ್ಕೊಂದು ವಿಕಿ, ಅಂದರೆ ಯಾರು ಬೇಕಾದರೂ ಮಾಹಿತಿ ಸೇರಿಸಬಹುದಾದ ಜಾಲತಾಣ, ಕಟ್ಟಿದ್ದ. ಒಂದೊಂದು ಸಮಾಧಿಯ ವಿವರ ತುಂಬಿದರೆ ಸಾಕು, ಪಟ್ಟಿಯ ಪುಟಗಳು ತಾವಾಗಿಯೇ ತಯಾರಾಗುತ್ತಿದ್ದವು. ಮನೆತನವಾರು ಪಟ್ಟಿಯ ಕೋಡ್ ಡೆಸ್‌ನದು. ವರ್ಷವಾರು ಪಟ್ಟಿಗೆ ಇನ್ಯಾರೋ ಅದೇ ಲೆಕ್ಕಾಚಾರವನ್ನು ಮತ್ತೊಮ್ಮೆ ಬರೆದಿಟ್ಟು ಹೋಗಿದ್ದರು. ಒಂದು ಕಡೆ ತಪ್ಪು ತಿದ್ದಿದರೆ ಇನ್ನೊಂದು ಕಡೆ ಅದು ಹಾಗೇ ಉಳಿಯುತ್ತಿತ್ತು. ಎರಡನ್ನೂ ಸೇರಿಸಿ ಒಂದು ಮಾಡಲು, ವಿಕಿಯ ಕೆಲಸಕ್ಕೆ ನೆರವಾಗುತ್ತಿದ್ದ ನೆರಾಲಿ ಆ ಶನಿವಾರ ಅವನ ಮನೆಗೆ ಬಂದಿದ್ದಳು.

"ಹೆಸರಿಲ್ಲದವರನ್ನ ನಿಮ್ಮ ಕೋಡ್ ಬಿಟ್ಟುಬಿಡುತ್ತೆ. ಇನ್ನೊಂದು ಬಿಡಲ್ಲ. ಯಾವುದನ್ನ ಇಟ್ಕೊಳ್ಳಲಿ?"

ಡೆಸ್ ಹೆಂಡತಿಯಿದ್ದ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. "ಎಪ್ಪತ್ತೊಂದರಲ್ಲಿ ನಮಗೊಂದು ಹೆಣ್ಣುಮಗು ಹುಟ್ತು ಕಣಮ್ಮ. ಒಂದೇ ದಿನ ಬದುಕಿತ್ತು. ಹೆಸರಿಡೋಕೂ ಆಗ್ಲಿಲ್ಲ. ಮಾರ್ಜ್ ನಮ್ಮ ಮನೆತನದ ಪುಟ ತೆಗೆದಾಗ ಅದು ಕಣ್ಣಿಗೆ ಬೀಳೋದು ಬೇಡ ಅಂತ ಆ ಸಾಲು ಹಾಕ್ದೆ. ಅದನ್ನೇ ಇಟ್ಕೋ."

ನೆರಾಲಿ ಕೀಲಿಮಣೆಯ ಮೇಲಿಂದ ಕೈ ತೆಗೆದಳು. "ಇಟ್ಕೊಂಡ್ರೆ ಇನ್ನು ವರ್ಷದ ಪಟ್ಟಿಯಿಂದಲೂ ಹೋಗ್ತಾಳೆ, ಡೆಸ್."

"ಹೋಗಬಾರದು," ಎಂದಳು ಮಾರ್ಜ್. ಚಹಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದಳು. "ಅವಳಿರೋದು ಅದೊಂದರಲ್ಲೇ."

ಡೆಸ್ ತಟ್ಟನೆ ಅವಳ ಕಡೆ ತಿರುಗಿದ. "ನೀನು ನೋಡಿದ್ದೀಯಾ?"

"ಪ್ರತಿ ಭಾನುವಾರ ನೋಡ್ತೀನಿ. ನೀನು ತರಕಾರಿ ತೋಟಕ್ಕೆ ಹೋದ ತಕ್ಷಣ." ಮಾರ್ಜ್ ತಟ್ಟೆಯನ್ನು ಮೇಜಿನ ಮೇಲಿಟ್ಟಳು. "ನಮ್ಮ ಪುಟದಲ್ಲಿ ಮಾತ್ರ ಅವಳಿಲ್ಲ. ನಿನಗೆ ಬೇಡವಾಗಿತ್ತೇನೋ ಅಂದ್ಕೊಂಡು ಸುಮ್ಮನಿದ್ದೆ."

"ಬೇಡವಾಗಿತ್ತಾ? ಮಾರ್ಜ್, ನಾನು ನಿನಗೋಸ್ಕರ..."

"ಗೊತ್ತಾಯ್ತು ಬಿಡೋ ಪೆದ್ದ. ಈಗಷ್ಟೇ ಕೇಳಿಸ್ತಲ್ಲ."

ಡೆಸ್ ಅವಳ ಕೈ ಹಿಡಿದುಕೊಂಡ. ನೆರಾಲಿ ಯಾರನ್ನೂ ಕೇಳದೆ ಆ ಸಾಲನ್ನು ಅಳಿಸಿದಳು. ಎರಡು ಕೋಡ್ ಒಂದಾಯಿತು. ಪಾಸ್ಕೋ ಮನೆತನದ ಪುಟ ಹೊಸದಾಗಿ ತೆರೆದುಕೊಂಡಾಗ ಎಲ್ಲರಿಗಿಂತ ಮೇಲೆ ಒಂದು ಸಾಲು ಬಂದಿತ್ತು: ಹೆಣ್ಣುಮಗು, 1971.

"ಹೆಸರಿನ ಜಾಗ ಖಾಲಿ ಇದೆ," ಎಂದಳು ನೆರಾಲಿ ಮೆಲ್ಲಗೆ. "ಖಾಲಿಯೇ ಬಿಡಲಾ?"

"ಯಾಕೆ ಖಾಲಿ? ನಾನು ಆವತ್ತೇ ಮನಸ್ಸಲ್ಲೇ ಇಟ್ಟಿದ್ದೆ," ಎಂದಳು ಮಾರ್ಜ್. ಗಂಡನ ಕಡೆ ತಿರುಗಿದಳು. "ನಿಮ್ಮಮ್ಮನ ಹೆಸರೇ. ನನ್ನ ಅಷ್ಟು ಗೋಳು ಹೊಯ್ಕೊಂಡಿದ್ರೂ."

ಡೆಸ್ ನಗಲು ಹೋದ, ಆಗಲಿಲ್ಲ. ನೆರಾಲಿ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಮಾರ್ಜ್ ಕೂತು, ಒಂದೇ ಬೆರಳಿನಿಂದ ಕೀಲಿಗಳನ್ನು ಹುಡುಕಿ ಹುಡುಕಿ ಒತ್ತತೊಡಗಿದಳು. ಅವಳ ಹೆಗಲ ಮೇಲೆ ಬಗ್ಗಿದ ಡೆಸ್, ಮೂಡಿದ ಒಂದೊಂದೇ ಅಕ್ಷರವನ್ನು ತುಟಿಯಲ್ಲೇ ಕೂಡಿಸಿಕೊಳ್ಳುತ್ತಿದ್ದ.